ಚಲೋ ಇದ್ದಂಗ ಕಾಣಸ್ತಾರ

ಮುಂಬಯಿ ಹತ್ತಿರದ ಕಲ್ಯಾಣದ ಅನಾಥ ಮಕ್ಕಳ ಮನೆಗೆ ಕನ್ನಡವೂ ಇಟಾಲಿಯನ್ನೂ ಬಲ್ಲ ಒಬ್ಬರು ಬೇಕಾಗಿದ್ದರು. ಅಂಥವರು ಸಿಗುತ್ತಾರೆಂದು ಅಲ್ಲಿಯ ಮೇಲ್ವಿಚಾರಕಿ ಕರ್ಣಿಕ್ ಬಾಯಿಗೇ ನಂಬಿಕೆ ಇರಲಿಲ್ಲ. ಮಾನಸಿ ಸಿಕ್ಕಿದ್ದು ಅವಳ ಅಪ್ಪನಿಂದ. ವಸಂತಕುಮಾರ ಬಹುಕಾಲ ಕಲ್ಯಾಣದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಹಬ್ಬದ ದಿನ ಮಕ್ಕಳ ಮನೆಗೆ ಇಡ್ಲಿ ಹೋಗುತ್ತಿದ್ದುದು ಆ ಹೋಟೆಲಿನಿಂದಲೇ. ಕರ್ಣಿಕ್ ಬಾಯಿ ಒಮ್ಮೆ ಅಲ್ಲಿ ಚಹಾ ಕುಡಿಯುತ್ತ ತಮ್ಮ ಕಷ್ಟ ಹೇಳಿಕೊಂಡಾಗ ಅವರು, "ನನ್ನ ಮಗಳಿಗೆ ಬರ್ತದೆ ಆ ಭಾಷೆ" ಅಂದುಬಿಟ್ಟರು. ಮನೆಯಲ್ಲಿ ಯಾರಿಗೂ ಅರ್ಥವಾಗದ ಆ ಓದಿನಿಂದ ಒಂದು ಉಪಯೋಗ ಆಯಿತಲ್ಲ ಎಂಬ ಹೆಮ್ಮೆ ಅವರ ದನಿಯಲ್ಲಿತ್ತು.

ಮಾನಸಿ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಕನ್ನಡ ಸಂಘದ ಶಾಲೆಯಲ್ಲಿ ನಾಲ್ಕನೆಯ ತರಗತಿಯ ತನಕ ಕನ್ನಡ. ಪದವಿ ಆದ ಮೇಲೆ ಇಟಾಲಿಯನ್ ಕಲಿತಳು. ಈಗ ಠಾಣೆಯ ಒಂದು ಕಚೇರಿಯಲ್ಲಿ ಪ್ಯಾಕಿಂಗ್ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತರುವ ಕೆಲಸ. ಬೋಲ್ಟು ಎಷ್ಟು ಬಿಗಿಯಬೇಕು, ಬೆಲ್ಟು ಯಾವಾಗ ಬದಲಿಸಬೇಕು, ಇಂಥವೇ ದಿನವಿಡೀ. ಮನುಷ್ಯರ ಮಾತನ್ನು ಅನುವಾದಿಸುವ ಅವಕಾಶ ಬಂದದ್ದು ಇದೇ ಮೊದಲು.

ಹುಡುಗಿಯ ಹೆಸರು ಭೀಮಮ್ಮ. ಕಲಬುರಗಿ ಕಡೆಯಿಂದ ನವಿ ಮುಂಬಯಿಯ ಕಟ್ಟಡದ ಕೆಲಸಕ್ಕೆ ಬಂದವರ ಮಗು. ಉಲ್ವೆಯಲ್ಲಿ ಎದ್ದು ನಿಲ್ಲುತ್ತಿದ್ದ ಬಹುಮಹಡಿ ಕಟ್ಟಡವೊಂದರ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿ ಬೆಳೆದವಳು. ಅಪ್ಪ ಬಿಟ್ಟುಹೋಗಿದ್ದ, ಅವ್ವ ಕ್ಷಯದಲ್ಲಿ ತೀರಿಕೊಂಡಳು. ಸೋದರಮಾವ ಯಂಕಣ್ಣ ಕೆಲವು ದಿನ ಜೊತೆಯಲ್ಲಿ ಇಟ್ಟುಕೊಂಡ. ಆಮೇಲೆ ತನ್ನಿಂದ ಆಗುವುದಿಲ್ಲವೆಂದು ಅಧಿಕಾರಿಗಳ ಮುಂದೆ ಹೆಬ್ಬೆಟ್ಟು ಒತ್ತಿ, ಹುಡುಗಿಯನ್ನು ಒಪ್ಪಿಸಿ ಹೋದ. ಮಕ್ಕಳ ಮನೆಯವರಿಗೆ ಭೀಮಮ್ಮ ಎಂಬ ಹೆಸರು ಭಾರವೆನಿಸಿ ಭೂಮಿ ಎಂದು ಕರೆಯತೊಡಗಿದರು. ಫೈಲಿನಲ್ಲೂ ಅದೇ ಹೋಯಿತು. ಎಂಟು ವರ್ಷದ ಆ ಹುಡುಗಿಗೆ ಇಟಲಿಯ ಬೆರ್ಗಾಮೊ ಹತ್ತಿರದ ಒಂದು ಊರಿನ ದಂಪತಿಗೆ ದತ್ತು ಹೋಗುವ ಯೋಗ ಕೂಡಿ ಬಂದಿತ್ತು. ಹೆಂಡತಿ ಲೊರೆಲ್ಲಾ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಂಡ ಪಿಯೆರೊ ಶಾಲೆಯ ಮೇಷ್ಟ್ರು. ಒಪ್ಪಿಗೆ ಕೊಡುವ ಮೊದಲು ಹುಡುಗಿಯನ್ನು ವಿಡಿಯೋದಲ್ಲಿ ನೋಡಬೇಕು, ಮಾತಾಡಿಸಬೇಕು ಎಂದು ಅವರು ಕೇಳಿದ್ದರು. ಹಿಂದಿಯಲ್ಲಿ ಭೀಮಮ್ಮ ಹೂಂ, ಊಹೂಂ ಬಿಟ್ಟು ಹೆಚ್ಚು ಆಡುತ್ತಿರಲಿಲ್ಲ. ಹಾಗಾಗಿ ಕನ್ನಡ ಬೇಕಾಯಿತು.

ಮಾನಸಿ ಮೊದಲ ಸಲ ಹೋದಾಗ ಹುಡುಗಿ ಕಚೇರಿಯ ಬೆಂಚಿನ ತುದಿಯಲ್ಲಿ ಕೂತಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆದಿದ್ದರು. ಯಾರದೋ ಹಳೆಯ ಗುಲಾಬಿ ಫ್ರಾಕು.

"ನಿನ್ನ ಹೆಸರೇನು?" ಎಂದಳು ಮಾನಸಿ.

ಹುಡುಗಿ ತಟ್ಟನೆ ತಲೆ ಎತ್ತಿತು. "ನಮ್ಮ ಮಾತು ಬರ್ತದೇನ್ರಿ ನಿಮಗ?"

"ಬರ್ತದೆ. ಸ್ವಲ್ಪ ಬೇರೆ ಥರ ಮಾತಾಡ್ತೇನೆ ನಾನು."

"ಅದಕ್ಕೇನಾತು ಬಿಡ್ರಿ," ಎಂದು ಹುಡುಗಿ ದೊಡ್ಡವರ ಹಾಗೆ ಅಂದಿತು. "ನಾ ಭೀಮಮ್ಮ. ಇಲ್ಲಿ ಭೂಮಿ ಅಂತಾರ. ಎರಡೂ ನಾನೇ."

ಕರೆ ಬಂತು. ಪರದೆಯ ಮೇಲೆ ಸೋಫಾದಲ್ಲಿ ಕೂತ ಇಬ್ಬರು, ಹಿಂದೆ ಪುಸ್ತಕದ ಕಪಾಟು. ಲೊರೆಲ್ಲಾ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದ್ದಳು. ಹುಡುಗಿ ಎರಡು ಪ್ರಶ್ನೆಗೆ ಉತ್ತರ ಕೊಟ್ಟಿತು, ಹೇಳಿಸಿದಾಗ ಒಂದು ಹಾಡು ಹಾಡಿತು. ಲೊರೆಲ್ಲಾ ಗಂಡನ ಕಡೆ ತಿರುಗಿ, "ಮಿ ಸೆಂಬ್ರಾ ಸೆರೇನಾ" ಅಂದಳು. ಪಿಯೆರೊ, "ಸೆಂಬ್ರಾ ಉನಾ ಬ್ರಾವಾ ಬಂಬೀನಾ" ಅಂದ.

"ಏನಂತೆ?" ಕರ್ಣಿಕ್ ಬಾಯಿ ಮರಾಠಿಯಲ್ಲಿ ಕೇಳಿದರು.

"ಶಾಂತವಾಗಿರುವ ಹಾಗೆ ಕಾಣ್ತಾಳೆ ಅಂತಾರೆ. ಒಳ್ಳೆ ಹುಡುಗಿ ಇದ್ದ ಹಾಗೆ ಕಾಣ್ತದೆ ಅಂತ," ಎಂದಳು ಮಾನಸಿ. 'ಕಾಣ್ತದೆ' ಎಂಬ ಮಾತನ್ನು ಅವಳು ಬಿಡಲಿಲ್ಲ. ಆ ಜನ ಒಂದು ವಸ್ತುವನ್ನು, ಒಬ್ಬ ಮನುಷ್ಯನನ್ನು ಮೊದಲು ನೋಡಿದಾಗ ಹಾಗೆಯೇ ಹೇಳುವುದು. ಪೂರ್ತಿ ಹೌದು ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಅವರಿಬ್ಬರೂ ಎಷ್ಟೋ ಸಲ ಆ 'ಸೆಂಬ್ರಾ' ಪದ ಆಡಿದರು. ಮಾನಸಿ ಪ್ರತಿ ಸಲವೂ ಅದನ್ನು ಅಷ್ಟೇ ಅಳತೆಯಲ್ಲಿ ದಾಟಿಸಿದಳು.

ಕರೆ ಮುಗಿದ ಮೇಲೆ ಕರ್ಣಿಕ್ ಬಾಯಿ ಹುಡುಗಿಯನ್ನು ಹತ್ತಿರ ಎಳೆದುಕೊಂಡು ಹಣೆಗೆ ಮುತ್ತಿಟ್ಟರು. "ಪಸಂದ್ ಆಗಿದ್ದೀಯ ನೀನು! ಮಮ್ಮಿ ಪಪ್ಪಾ ಸಿಕ್ಕಿದರು!" ಅಡುಗೆಯವಳನ್ನು ಕೂಗಿ ಎಲ್ಲ ಮಕ್ಕಳಿಗೂ ಪೇಡೆ ಹಂಚಿಸಿದರು.

"ಅವರು ಇನ್ನೂ ಹಾಗೆ ಹೇಳಲಿಲ್ಲ, ಮೇಡಂ," ಎಂದಳು ಮಾನಸಿ ಮೆಲ್ಲಗೆ.

"ನಿನಗೆ ಗೊತ್ತಾಗೋದಿಲ್ಲ. ನಾನು ಇಂಥ ಮುಖ ಎಷ್ಟು ನೋಡಿದ್ದೇನೆ," ಎಂದು ಕರ್ಣಿಕ್ ಬಾಯಿ ಅವಳ ಕೈಯಲ್ಲೂ ಒಂದು ಪೇಡೆ ಇಟ್ಟರು.

ಆ ದಿನದಿಂದ ಮಾನಸಿ ಪ್ರತಿ ಭಾನುವಾರ ಕಲ್ಯಾಣಕ್ಕೆ ಹೋಗತೊಡಗಿದಳು. ಹುಡುಗಿಗೆ ನಾಲ್ಕು ಮಾತು ಇಟಾಲಿಯನ್ ಕಲಿಸಲು ಕರ್ಣಿಕ್ ಬಾಯಿಯೇ ಕೇಳಿಕೊಂಡಿದ್ದರು. ಲೊರೆಲ್ಲಾ ಫೋಟೋಗಳನ್ನು ಕಳಿಸುತ್ತಿದ್ದಳು. ಹಂಚಿನ ಮನೆ, ಅಂಗಳದಲ್ಲಿ ಹಿಮ, ಕಂದು ಬಣ್ಣದ ನಾಯಿ, ತಟ್ಟೆಯಲ್ಲಿ ಹಳದಿ ಅಂಬಲಿಯಂಥದ್ದೇನೋ. ಮಾನಸಿ ಫೋನ್ ಹಿಡಿದು ಒಂದೊಂದನ್ನೇ ತೋರಿಸಿ ಹೆಸರು ಹೇಳಿಕೊಡುತ್ತಿದ್ದಳು. ಹುಡುಗಿ ಬೇಗ ಹಿಡಿಯುತ್ತಿತ್ತು.

"ಇದು ಜೋಳದ ಹಿಟ್ಟಿನದಂತೆ. ನಿಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ," ಎಂದು ಒಂದು ಭಾನುವಾರ ಮಾನಸಿ ಆ ತಟ್ಟೆಯ ಚಿತ್ರ ತೋರಿಸಿದಳು. "ಹೇಳು, ಬ್ವೋನೊ. ಚೆನ್ನಾಗಿದೆ ಅಂತ."

ಹುಡುಗಿ ಹೇಳಲಿಲ್ಲ. ತಟ್ಟೆಯನ್ನೇ ನೋಡಿತು. "ತಿಂದಿಲ್ಲಲ್ಲರಿ ನಾ. ಚಲೋ ಅದ ಅಂತ ಹ್ಯಾಂಗ ಹೇಳ್ಲಿ?"

ಮಾನಸಿಗೆ ನಗು ಬಂತು. "ಮತ್ತೆ ಹೇಗೆ ಹೇಳ್ತೀ?"

"ಚಲೋ ಇದ್ದಂಗ ಕಾಣಸ್ತದ ಅಂತೀನಿ. ತಿಂದಮ್ಯಾಲ ಚಲೋ ಅದ ಅಂತೀನಿ."

"ಹಾಗಾದ್ರೆ ಸೆಂಬ್ರಾ ಬ್ವೋನೊ ಅನ್ನು."

"ಸೆಂಬ್ರಾ ಬ್ವೋನೊ," ಎಂದಿತು ಹುಡುಗಿ. ಆ ಪದ ಅದಕ್ಕೆ ಬಹಳ ಹಿಡಿಸಿತು. ಮನೆಗೆ, ನಾಯಿಗೆ, ಹಿಮಕ್ಕೆ, ಎಲ್ಲದಕ್ಕೂ ಸೆಂಬ್ರಾ ಹಚ್ಚಿ ನೋಡಿತು. ಒಂದಲ್ಲ ಹಲವು ಅಂತ ಹೇಳುವುದು ಹ್ಯಾಂಗ, ಎದುರಿಗಿದ್ದವರಿಗೆ ಹೇಳುವುದು ಹ್ಯಾಂಗ ಎಂದು ಕೆದಕಿ ಕೇಳಿತು. ಮಾನಸಿ ಎಲ್ಲವನ್ನೂ ಹೇಳಿಕೊಟ್ಟಳು. ಡೊಂಬಿವಲಿಗೆ ಮರಳುವ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಅವಳು ಒಬ್ಬಳೇ ನಕ್ಕದ್ದುಂಟು. ಇಷ್ಟು ಚೆನ್ನಾಗಿ ಕಲಿಯುವ ವಿದ್ಯಾರ್ಥಿ ತನ್ನ ಜೊತೆ ಓದಿದವರಲ್ಲೂ ಇರಲಿಲ್ಲ ಅನ್ನಿಸುತ್ತಿತ್ತು.

ಮಕ್ಕಳ ಮನೆಯಲ್ಲಿ ಆಗಲೇ ಭೂಮಿ ಹೊರಟವಳೆಂದೇ ಲೆಕ್ಕ. ಇತರ ಹುಡುಗಿಯರು ಅವಳಿಗೆ ಊಟದ ಸಾಲಿನಲ್ಲಿ ಮುಂದೆ ಜಾಗ ಬಿಡುತ್ತಿದ್ದರು. ಅವಳ ಹಾಸಿಗೆ ತನಗಿರಲಿ ಎಂದು ಒಬ್ಬಳು ಮೊದಲೇ ಹೇಳಿಟ್ಟಿದ್ದಳು. ದಾನಕ್ಕೆ ಬಂದ ಬಟ್ಟೆಗಳಲ್ಲಿ ಒಂದು ಸ್ವೆಟರನ್ನು ಕರ್ಣಿಕ್ ಬಾಯಿ ಎತ್ತಿಟ್ಟರು.

ಎರಡನೆಯ ಕರೆ ಮಳೆ ಶುರುವಾದ ಮೇಲೆ ಬಂತು. ಅಂದು ಲೊರೆಲ್ಲಾ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು, ಕೈಯಲ್ಲಿ ಒಂದು ಬಟ್ಟೆಯ ಗೊಂಬೆ ಇತ್ತು. ನಾಯಿಯನ್ನು ಎತ್ತಿ ತೋರಿಸಿದರು, ಹುಡುಗಿಯ ಕೋಣೆ ಎಂದು ಒಂದು ಕೋಣೆ ತೋರಿಸಿದರು. ಹುಡುಗಿ ಬೆಂಚಿನ ತುದಿ ಬಿಟ್ಟು ನಡುವೆ ಬಂದು ಕೂತಿತ್ತು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಆಗ ಲೊರೆಲ್ಲಾ ಮಾನಸಿಗೆ ಹೇಳಿದಳು: "ಅವಳನ್ನು ಒಂದು ಮಾತು ಕೇಳಿ. ನಮ್ಮ ಬಗ್ಗೆ ಅವಳಿಗೆ ಏನು ಅನ್ನಿಸುತ್ತದೆ? ಮನಸ್ಸಿನಲ್ಲಿ ಇರುವುದನ್ನೇ ಹೇಳಲಿ."

ಮಾನಸಿ ಕೇಳಿದಳು. ಹುಡುಗಿ ಉತ್ತರವನ್ನು ಕನ್ನಡದಲ್ಲಿ ಕೊಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಪರದೆಯ ಇಬ್ಬರನ್ನೂ ನೋಡುತ್ತ, ತಾನೇ ಪದ ಜೋಡಿಸಿ ಹೇಳಿತು:

"ಮಿ ಸೆಂಬ್ರಾತೆ ಬ್ವೋನಿ."

ನೀವು ನನಗೆ ಒಳ್ಳೆಯವರ ಹಾಗೆ ಕಾಣ್ತೀರಿ. ಒಂದು ತಪ್ಪಿರಲಿಲ್ಲ ಅದರಲ್ಲಿ. ಮಾನಸಿಯ ಎದೆ ಉಬ್ಬಿತು. ಪಿಯೆರೊ ಚಪ್ಪಾಳೆ ತಟ್ಟಲು ಕೈ ಎತ್ತಿದ. ಲೊರೆಲ್ಲಾ ಮಾತ್ರ ಎತ್ತಲಿಲ್ಲ.

"ಸೆಂಬ್ರಿಯಾಮೊ?" ಎಂದಳು ಅವಳು. ಕಾಣ್ತೀವಾ?

ಗೊಂಬೆ ಅವಳ ಮಡಿಲಿಗೆ ಇಳಿಯಿತು. ಕರ್ಣಿಕ್ ಬಾಯಿಗೆ ಭಾಷೆ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. "ಏನಾಯಿತು? ಏನು ಹೇಳಿದಳು ಇವಳು?"

ಮಾನಸಿ ಹೇಳಿದಳು. ಕರ್ಣಿಕ್ ಬಾಯಿ ನಗುಮುಖವನ್ನು ಪರದೆಯ ಕಡೆ ಹಾಗೇ ಇಟ್ಟುಕೊಂಡು ಹಲ್ಲಿನ ಸಂದಿಯಿಂದ ಮರಾಠಿಯಲ್ಲಿ ಅಂದರು: "ಈಗಲೇ ಹೇಳು ಅವರಿಗೆ. ತುಂಬಾ ಪ್ರೀತಿ ಇದೆಯಂತೆ, ದಿನಾ ಮಮ್ಮಿ ಪಪ್ಪಾ ಅಂತ ನೆನೆಸ್ತಾಳಂತೆ ಅನ್ನು."

ಅಷ್ಟರಲ್ಲಿ ಹುಡುಗಿ ಮಾನಸಿಯ ತೋಳು ಎಳೆದಿತ್ತು. "ಇನ್ನಾ ಕೂಡಿ ಇದ್ದಿಲ್ಲಲ್ಲರಿ ಅವರ ಜೋಡಿ ನಾ. ಫೋನಿನಾಗ ಚಲೋ ಇದ್ದಂಗ ಕಾಣಸ್ತಾರ. ಹೋದಮ್ಯಾಲ ಹೇಳ್ತೀನಿ ಅನ್ರಿ."

ಪರದೆಯ ಆಚೆ ಲೊರೆಲ್ಲಾ ಕಾಯುತ್ತಿದ್ದಳು. ಮಾನಸಿ ಪರದೆಯ ಕಡೆ ತಿರುಗಿದಳು. ಆಮೇಲೆ ಹುಡುಗಿಯ ಮಾತನ್ನೇ, ಹುಡುಗಿ ಹೇಳಿದ ಹಾಗೆಯೇ ಹೇಳಿದಳು. ಅದರ ಹಿಂದೆ ತನ್ನದನ್ನೂ ಸೇರಿಸಿದಳು: ಇವಳು ತಿನ್ನದೆ ಯಾವ ತಿಂಡಿಯನ್ನೂ ಹೊಗಳುವವಳಲ್ಲ, ಇವಳ ಬಾಯಲ್ಲಿ ಇದು ದೊಡ್ಡ ಮಾತು.

"ಕಪೀಸ್ಕೊ," ಎಂದಳು ಲೊರೆಲ್ಲಾ. ಅರ್ಥವಾಯಿತು. ತುಂಬ ಮರ್ಯಾದೆಯಿಂದ ಹೇಳಿದಳು. ಸ್ವಲ್ಪ ಹೊತ್ತಿನಲ್ಲೇ ಕರೆ ಮುಗಿಯಿತು.

ಮುಂದಿನ ವಾರ ಇಟಲಿಯ ದತ್ತು ಸಂಸ್ಥೆಯ ಮೂಲಕ ಅವರ ಪತ್ರ ಬಂತು. ಅದನ್ನು ಓದಿ ಹೇಳಲು ಕರ್ಣಿಕ್ ಬಾಯಿ ಮಾನಸಿಯನ್ನೇ ಕರೆಸಿದರು. ಹುಡುಗಿ ಬಹಳ ಬುದ್ಧಿವಂತೆ, ಅವಳಿಗೆ ಒಳ್ಳೆಯದಾಗಲಿ ಎಂದು ಹಾರೈಸುತ್ತೇವೆ. ಆದರೆ ಅವಳು ನಮ್ಮಿಂದ ದೂರ ನಿಂತಂತೆ ನಮಗೆ ಕಾಣುತ್ತದೆ. ಬಾಂಧವ್ಯ ಬೆಳೆಯುವ ಲಕ್ಷಣ ಕಾಣುತ್ತಿಲ್ಲ. ಇದು ಸರಿಯಾದ ಸಮಯವಲ್ಲ ಎನಿಸುತ್ತದೆ. ಪತ್ರದ ತುಂಬ ಅದೇ ಪದ ಇತ್ತು, ಬೇರೆ ಬೇರೆ ರೂಪದಲ್ಲಿ.

ಕರ್ಣಿಕ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಮಾತು. ಒಂದೇ ಮಾತು ತಿರುಗಿಸಿ ಹೇಳೋದಕ್ಕೆ ನಿನಗೆ ಏನು ಕಷ್ಟ ಇತ್ತು?"

"ಅವಳು ಹೇಳದ್ದನ್ನ ನಾನು ಹೇಗೆ ಹೇಳ್ಲಿ ಮೇಡಂ?"

"ಅವಳಿಗೆ ಆ ಹಾಳು ಮಾತು ಕಲಿಸಿದ್ದು ಯಾರು?"

ಮಾನಸಿಗೂ ಸಿಟ್ಟು ಬಂತು. "ಅವರೂ ಅದನ್ನೇ ಹೇಳಿದ್ದಲ್ವಾ ಮೊದಲ ದಿನ? ಶಾಂತ ಇದ್ದ ಹಾಗೆ ಕಾಣ್ತಾಳೆ, ಒಳ್ಳೆಯವಳ ಹಾಗೆ ಕಾಣ್ತಾಳೆ. ನೀವು ಪೇಡೆ ಹಂಚಿದಿರಿ. ಅದೇ ಮಾತು ಈ ಮಗು ಹೇಳಿದ್ರೆ ತಪ್ಪಾ?"

"ತಪ್ಪು," ಎಂದರು ಕರ್ಣಿಕ್ ಬಾಯಿ. ದನಿ ಏರಿಸಲಿಲ್ಲ. "ಅವರು ಹೇಳಬಹುದು. ಇದು ಬೇಡ ಅಂದ್ರೆ ಅವರಿಗೆ ಇನ್ನೊಂದು ಮಗು ತೋರಿಸ್ತಾರೆ. ಇವಳಿಗೆ ಏನು ತೋರಿಸ್ತಾರೆ? ಎಂಟು ತುಂಬಿದ ಮಗುವನ್ನ ಯಾರೂ ಕೇಳಲ್ಲ ಮಾನಸಿ. ಈ ಕೆಲಸದಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ನಿನಗೆ ಭಾಷೆ ಗೊತ್ತು ಅಷ್ಟೇ."

ಹುಡುಗಿಗೆ ಹೇಳುವ ಕೆಲಸವೂ ಮಾನಸಿಯ ಪಾಲಿಗೇ ಬಂತು. ಹಿಂದಿನ ವರಾಂಡದಲ್ಲಿ ತೊಳೆದ ಬಟ್ಟೆಗಳು ಒಣಗದೆ ಜೋತಾಡುತ್ತಿದ್ದವು. ಅವುಗಳ ನಡುವೆ ಇಬ್ಬರೂ ಕೂತರು. ಮಾನಸಿ ನೇರವಾಗಿಯೇ ಹೇಳಿದಳು, ಅವರು ಬರುವುದಿಲ್ಲ ಎಂದು.

ಹುಡುಗಿ ಕಾಲ್ಬೆರಳು ನೋಡುತ್ತ ಕೇಳಿತು: "ನಾ ತಪ್ಪ ಹೇಳಿದ್ನೇನ್ರಿ? ಮಾತಿನಾಗ ತಪ್ಪಿತ್ತೇನ?"

"ಇಲ್ಲ. ಸರಿಯಾಗೇ ಹೇಳಿದ್ದಿ."

"ಮತ್ತ ಯಾಕ ಬರಂಗಿಲ್ಲ?"

"ನಿನಗೆ ಅವರ ಮೇಲೆ ಪ್ರೀತಿ ಇಲ್ಲ ಅಂತ ಅವರಿಗೆ ಅನ್ನಿಸ್ತು."

"ಅವರು ನನಗ ಹಂಗ ಅಂದಾಗ ನಾ ಸಿಟ್ಟ ಮಾಡ್ಲಿಲ್ಲಲ್ಲರಿ," ಎಂದಿತು ಹುಡುಗಿ. ಅಳಲಿಲ್ಲ. ಮಾನಸಿಯೇ ಮುಖ ತಿರುಗಿಸಿಕೊಂಡಳು.

ಆ ವಾರ ಅವಳು ಮನೆಯಲ್ಲಿ ಬಾಯಿಬಿಟ್ಟಳು. ಊಟ ಮಾಡುತ್ತ, "ಅಮ್ಮ, ಆ ಹುಡುಗಿಯನ್ನ ನಾವೇ ತಂದುಕೊಂಡ್ರೆ?" ಅಂದಳು ತುಳುವಿನಲ್ಲಿ.

ಉಮಾವತಿ ಸೌಟು ಕೆಳಗಿಟ್ಟರು. "ನಿನ್ನ ಮದುವೆ ಮೊದಲು ಆಗಲಿ ಮಗಾ. ಮಗು ಇದ್ದವಳನ್ನ ಯಾರು ಕೇಳಿಕೊಂಡು ಬರ್ತಾರೆ? ಪಾಪದ ಹುಡುಗಿ, ಇಲ್ಲ ಅನ್ನೋದಿಲ್ಲ. ಹಬ್ಬಕ್ಕೆ ಕರ್ಕೊಂಡು ಬಾ, ಒಂದು ಒಳ್ಳೆ ಬಟ್ಟೆ ತೆಗೆಸಿಕೊಡುವ."

ವಸಂತಕುಮಾರ ಮೊಸರು ಹಾಕಿಕೊಂಡರು. ಮಾನಸಿ ಇನ್ನೊಮ್ಮೆ ಕೇಳಬಹುದಿತ್ತು, ಕೇಳಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ಒಂದು ದೊಡ್ಡ ಕೈಪಿಡಿ ಬಂದಿತ್ತು, ಅದರಲ್ಲಿ ಮುಳುಗಿದಳು. ಭಾನುವಾರ ಕಲ್ಯಾಣಕ್ಕೆ ಹೋದರೆ ಕರ್ಣಿಕ್ ಬಾಯಿ, "ಇನ್ನು ಇಟಾಲಿಯನ್ ಯಾಕೆ? ಬರೋದೇನೂ ಬೇಡ" ಅಂದರು. ಆಮೇಲೆ ಅವಳೂ ಒತ್ತಾಯ ಮಾಡಿ ಹೋಗಲಿಲ್ಲ. ಗಣೇಶ ಚೌತಿಗೆ ಹುಡುಗಿಯನ್ನು ಮನೆಗೆ ಕರೆಯಬೇಕೆಂದಿದ್ದಳು. ಆ ವರ್ಷ ಊರಿನಿಂದ ನೆಂಟರು ಬಂದು, ಅದೂ ಆಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕರ್ಣಿಕ್ ಬಾಯಿಯಿಂದ ತಾನಾಗಿ ಫೋನ್ ಬಂತು. ದನಿ ಬೆಳಗಿತ್ತು. ಭೂಮಿಗೆ ಸ್ಪೇನಿನ ದಂಪತಿ ಸಿಕ್ಕಿದ್ದಾರೆ, ದತ್ತು ಆದೇಶವೂ ಆಗಿದೆ, ಶನಿವಾರ ಕರೆದೊಯ್ಯುತ್ತಾರೆ, ಬಂದು ನೋಡಿ ಹೋಗು ಅಂದರು. "ಈ ಸಲ ನಾನೇ ಕೂರಿಸಿ ಕಲಿಸಿದೆ. ಪುಣೆಯ ಒಬ್ಬಳು ಫೋನಿನಲ್ಲಿ ಅನುವಾದ ಮಾಡಿದಳು. ಪರದೆ ಹತ್ತಿದ್ದೇ ತಡ, ಅವರು ಸರಿಯಾಗಿ ಕೂರುವ ಮೊದಲೇ ಇವಳು ಮಮಾ, ಪಾಪಾ, ನನಗೆ ನೀವಂದ್ರೆ ತುಂಬಾ ಪ್ರೀತಿ ಅಂದುಬಿಟ್ಟಳು. ಆ ತಾಯಿ ಅಳೋದು ನೋಡಬೇಕಿತ್ತು ನೀನು."

ಶನಿವಾರ ಮಾನಸಿ ರಜೆ ಹಾಕಿ ಹೋದಳು. ಅಂಗಳದಲ್ಲಿ ಕಾರು ನಿಂತಿತ್ತು. ಮಕ್ಕಳು ಸಾಲಾಗಿ ನಿಂತು ಹಾಡು ಹೇಳುತ್ತಿದ್ದವು. ಭೀಮಮ್ಮ ಉದ್ದವಾಗಿದ್ದಳು, ಕೂದಲನ್ನು ಭುಜದ ತನಕ ಕತ್ತರಿಸಿದ್ದರು, ಮೈಮೇಲೆ ಹೊಸ ಜೀನ್ಸು. ಎತ್ತರದ ಹೆಂಗಸೊಬ್ಬಳು ಅವಳ ಹೆಗಲಿನ ಮೇಲೆ ಕೈ ಹಾಕಿಕೊಂಡಿದ್ದಳು. ಆಕೆಯ ಗಂಡ ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದ. ಒಳ್ಳೆಯ ಮುಖಗಳೇ ಅವು. ಮುಖ ನೋಡಿ ಅಷ್ಟು ಮಾತ್ರ ಹೇಳಬಹುದಿತ್ತು.

ಕರ್ಣಿಕ್ ಬಾಯಿ ಮಾನಸಿಯನ್ನು ಪರಿಚಯ ಮಾಡಿಸಿದರು. ಆ ಹೆಂಗಸು ನಕ್ಕು, ಹುಡುಗಿಯ ಹೆಗಲು ಬಿಟ್ಟು ಒಂದು ಹೆಜ್ಜೆ ಸರಿದಳು. ಮಾನಸಿ ಮೊಣಕಾಲೂರಿ ಕೂತು ಹುಡುಗಿಯ ಕೈ ಹಿಡಿದಳು.

"ಭೀಮಮ್ಮಾ, ಹೇಗಿದ್ದಾರೆ ಇವರು? ಎರಡು ದಿನ ಜೊತೆಗಿದ್ದಿಯಂತಲ್ಲ ಹೋಟೆಲಿನಲ್ಲಿ. ನಿನಗೆ ಏನನ್ನಿಸ್ತದೆ?"

ಹುಡುಗಿ ಅವಳನ್ನು ನೋಡಿತು. ಆಮೇಲೆ ಅವಳ ತಲೆಯ ಮೇಲಿಂದ ಕರ್ಣಿಕ್ ಬಾಯಿಯನ್ನು ನೋಡಿತು, ಪಕ್ಕದ ಹೆಂಗಸನ್ನು ನೋಡಿತು.

"ಬಹುತ್ ಅಚ್ಛೇ ಹೈಂ," ಎಂದಿತು ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಮುಝೆ ಬಹುತ್ ಪ್ಯಾರ್ ಕರ್ತೇ ಹೈಂ." ತುಂಬ ಒಳ್ಳೆಯವರು, ನನ್ನನ್ನು ತುಂಬ ಪ್ರೀತಿಸ್ತಾರೆ.

"ನನಗೆ ಮಾತ್ರ ಹೇಳು. ಕನ್ನಡದಲ್ಲಿ ಹೇಳು, ಯಾರಿಗೂ ಗೊತ್ತಾಗೋದಿಲ್ಲ."

ಹುಡುಗಿಯ ಮುಖದಲ್ಲಿ ಏನೂ ಕದಲಲಿಲ್ಲ. ಸಣ್ಣ ಮಕ್ಕಳು ಪಾಠ ಒಪ್ಪಿಸುವ ದನಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿ, ಕೈ ಬಿಡಿಸಿಕೊಂಡು ಹೊಸ ತಾಯಿಯ ಪಕ್ಕಕ್ಕೆ ಹೋಗಿ ನಿಂತಿತು. ಆ ಹೆಂಗಸು ಬಾಗಿ ಅದರ ನೆತ್ತಿಗೆ ಮುತ್ತಿಟ್ಟಳು. ಹುಡುಗಿ ಕೂಡಲೇ ತಲೆ ಎತ್ತಿ ನಕ್ಕಿತು, ಫೋನ್ ಹಿಡಿದವನ ಕಡೆ ತಿರುಗಿ ಇನ್ನೊಮ್ಮೆ ನಕ್ಕಿತು.

ಕಾರು ಹೋಯಿತು. ಕರ್ಣಿಕ್ ಬಾಯಿ ಕಣ್ಣೊರೆಸಿಕೊಂಡು, "ನೋಡಿದೆಯಾ, ಎಷ್ಟು ಖುಷಿಯಾಗಿದ್ದಾಳೆ," ಅಂದರು.

ಚಹಾ ಕುಡಿದು ಹೋಗು ಎಂದರೂ ನಿಲ್ಲದೆ ಮಾನಸಿ ರಿಕ್ಷಾ ಹಿಡಿದು ಸ್ಟೇಷನ್ನಿಗೆ ಬಂದಳು. ಹುಡುಗಿ ಸುಖವಾಗಿದೆಯೋ ಇಲ್ಲವೋ ಅವಳಿಗೆ ಮುಂದೆ ಎಂದೂ ತಿಳಿಯಲಿಲ್ಲ. ಸ್ಪೇನಿನಿಂದ ಮಕ್ಕಳ ಮನೆಗೆ ಬರುವ ವರದಿಗಳಲ್ಲಿ ಎಲ್ಲವೂ ಚೆನ್ನಾಗಿದೆ ಎಂದೇ ಇರುತ್ತಿತ್ತಂತೆ.